ಅಪ್ಪನ ಶ್ವಾಸಕೋಶದ ಬಯಾಪ್ಸಿ: ರೋಬೋಟ್ ಇರುವ ಕಡೆಗೇ ಹೋಗಬೇಕಾ? ದಾವಣಗೆರೆಯಲ್ಲೇ ಮಾಡಿಸಬಹುದಾ?

ಭಟ್ಟಿ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಪ್ಪನಿಗೆ 63 ವರ್ಷ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಒಲೆ ಮುಂದೆ ಕೂತವರು. ಬೀಡಿಯೂ ಇತ್ತು, ಬಿಟ್ಟು ಆರು ವರ್ಷ ಆಯ್ತು. ಯುಗಾದಿ ಕಳೆದ ಮೇಲೆ ಕೆಮ್ಮು ಶುರುವಾಯಿತು. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಒಂದು ಮಚ್ಚೆ ಕಾಣಿಸಿತು. ಎರಡು ಸಲ ಕಫ ಕೊಟ್ಟೆವು, ಟಿಬಿ ಸಿಗಲಿಲ್ಲ. ಆದರೂ ಒಂದು ಕಡೆ "ಯಾವುದಕ್ಕೂ ಇರಲಿ" ಅಂತ ಟಿಬಿ ಮಾತ್ರೆ ಕೊಟ್ಟರು. ಎರಡು ತಿಂಗಳು ನುಂಗಿದರು. ಉಚ್ಚೆ ಕೆಂಪಗಾಯಿತೇ ಹೊರತು ಮಚ್ಚೆ ಕರಗಲಿಲ್ಲ. ಆಮೇಲೆ ಬೇರೆ ಡಾಕ್ಟರ ಹತ್ತಿರ ಹೋದೆವು. ಅವರು ಸಿಟಿ ಸ್ಕ್ಯಾನ್ ಮಾಡಿಸಿದರು. 14 ಮಿಲಿಮೀಟರ್ ಗಂಟು, ಬಲ ಶ್ವಾಸಕೋಶದ ಕೆಳಭಾಗದಲ್ಲಿ. ಸಿಟಿ ನೋಡಿಕೊಂಡು ಸೂಜಿ ಹಾಕಿ ಬಯಾಪ್ಸಿ ಮಾಡಬೇಕು, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸಬೇಕು, ಇಲ್ಲೇ ಆಗುತ್ತೆ, ಮುಂದಿನ ವಾರ ಬನ್ನಿ ಅಂದಿದ್ದಾರೆ.

ಈಗ ತೊಂದರೆ ಮನೆಯೊಳಗೆ. ಬೆಂಗಳೂರಿನಲ್ಲಿರುವ ಭಾವ ಫೋನ್ ಮಾಡಿ, "ಅಲ್ಲೆಲ್ಲ ಕೈಯಲ್ಲಿ ಚುಚ್ಚಿಸಬೇಡ, ಇಲ್ಲಿ ರೋಬೋಟ್ ಇದೆ, ಕೂದಲೆಳೆ ತಪ್ಪಲ್ಲ" ಅನ್ನುತ್ತಿದ್ದಾರೆ. ಆದರೆ ಅಲ್ಲಿ ಸರದಿ ಬರಲು ಮೂರು ವಾರ ಬೇಕಂತೆ. ಅತ್ತೆಯದು ಇನ್ನೊಂದು ರಾಗ. ಗಂಟಿಗೆ ಸೂಜಿ ಹಾಕೋದು ಹುತ್ತಕ್ಕೆ ಕೈ ಹಾಕಿದ ಹಾಗೆ, ಎಲ್ಲ ಕಡೆ ಹರಡುತ್ತೆ ಅಂತ. ಅಪ್ಪ ಯಾರಿಗೂ ಏನೂ ಹೇಳುವುದಿಲ್ಲ. ಟಿವಿ ನೋಡುತ್ತಾ ಕೂತಿರುತ್ತಾರೆ.

ರೋಬೋಟ್ ನಿಜವಾಗಿ ಏನು ಮಾಡುತ್ತೆ? ಅದಕ್ಕಾಗಿ ಮೂರು ವಾರ ಕಾಯಬಹುದಾ? ಗೊತ್ತಿರುವವರು ಹೇಳಿ.

ಸಿಟಿ ರೂಮ್, ಚಿತ್ರದುರ್ಗ

ತಮ್ಮಾ, ನಾನು ಡಾಕ್ಟರ್ ಅಲ್ಲ, ಸಿಟಿ ಟೆಕ್ನಿಷಿಯನ್. ಈಗ ದುರ್ಗದಲ್ಲಿದ್ದೇನೆ. ಮೊದಲು ಎರಡು ವರ್ಷ ಬೆಂಗಳೂರಿನಲ್ಲಿ ಅಂಥ ಮೆಷಿನ್ ಇರುವ ರೂಮಿನಲ್ಲೇ ಕೆಲಸ ಮಾಡಿದ್ದೇನೆ. ಎರಡೂ ಬಗೆ ನೋಡಿದ್ದರಿಂದ ಬರೆಯುತ್ತಿದ್ದೇನೆ.

ಕೈಯಲ್ಲಿ ಮಾಡುವುದು ಹೀಗೆ. ಪೇಷಂಟ್‌ನನ್ನು ಸಿಟಿ ಮೇಜಿನ ಮೇಲೆ ಮಲಗಿಸುತ್ತೇವೆ. ಗಂಟು ಬೆನ್ನಿನ ಕಡೆ ಇದ್ದರೆ ಬೋರಲು. ಚರ್ಮದ ಮೇಲೆ ಸಣ್ಣ ಸಣ್ಣ ತಂತಿ ಇರುವ ಪಟ್ಟಿ ಅಂಟಿಸುತ್ತೇವೆ. ಸ್ಕ್ಯಾನಿನಲ್ಲಿ ಆ ತಂತಿಗಳು ಬಿಳಿ ಚುಕ್ಕೆಯಾಗಿ ಕಾಣುತ್ತವೆ. ಯಾವ ಚುಕ್ಕೆಯ ಪಕ್ಕದಲ್ಲಿ ಸೂಜಿ ಹೋಗಬೇಕು ಅಂತ ಡಾಕ್ಟರು ನೋಡಿ, ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯನ್ನು ಅರ್ಧ ಒಳಗೆ ಬಿಡುತ್ತಾರೆ. ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಸ್ಕ್ಯಾನ್. ಮತ್ತೆ ಒಳಗೆ. "ಸ್ವಲ್ಪ ತಲೆ ಕಡೆ ತಿರುಗಬೇಕು" ಅನ್ನುತ್ತಾರೆ, ಸೂಜಿ ಸರಿಮಾಡುತ್ತಾರೆ. ಮತ್ತೆ ಹೊರಗೆ. ಹೀಗೆ ನಾಲ್ಕೈದು ಸಲ ಬಾಗಿಲು ತೆಗೆದು ಹಾಕಿದರೆ ಅದು ಮಾಮೂಲಿ ಕೇಸು.

ರೋಬೋಟ್ ಇದ್ದರೆ ಬದಲಾಗುವುದು ಮಧ್ಯದ ಈ ಓಡಾಟ. ಸಿಟಿ ಚಿತ್ರ ರೋಬೋಟಿನ ಕಂಪ್ಯೂಟರಿಗೆ ಹೋಗುತ್ತೆ. ಡಾಕ್ಟರು ಪರದೆ ಮೇಲೆ ಎರಡು ಚುಕ್ಕೆ ಇಡುತ್ತಾರೆ. ಒಂದು ಚರ್ಮದ ಮೇಲೆ, ಇನ್ನೊಂದು ಗಂಟಿನೊಳಗೆ. ದಾರಿಯಲ್ಲಿ ಪಕ್ಕೆಲುಬು, ರಕ್ತನಾಳ ಅಡ್ಡ ಬರುತ್ತಾ ಅಂತ ನೋಡಿ ಒಪ್ಪಿಗೆ ಕೊಡುತ್ತಾರೆ. ಆಮೇಲೆ ತೋಳು ಬಂದು, ಲೆಕ್ಕ ಹಾಕಿದ ಕೋನದಲ್ಲಿ, ಚರ್ಮದ ಹತ್ತಿರ ನಿಲ್ಲುತ್ತೆ. ಅದರ ತುದಿಯಲ್ಲಿ ಒಂದು ಸಣ್ಣ ಕೊಳವೆ. ಸೂಜಿಯನ್ನು ಆ ಕೊಳವೆಯೊಳಗಿಂದ ಡಾಕ್ಟರೇ ಕೈಯಲ್ಲಿ ತಳ್ಳುತ್ತಾರೆ. ಎಷ್ಟು ಆಳ ಅಂತ ಕಂಪ್ಯೂಟರ್ ಮೊದಲೇ ಹೇಳಿರುತ್ತೆ.

ಅಂದರೆ ನಿಮ್ಮ ಭಾವ ಅಂದುಕೊಂಡಂತೆ ರೋಬೋಟ್ ಚುಚ್ಚುವುದಿಲ್ಲ. ನಾನು ಕೆಲಸ ಮಾಡಿದ ಮೆಷಿನ್ ಅಂತೂ ಹೀಗೇ. ಅದು ಹಿಡಿದುಕೊಂಡು ನಿಲ್ಲುತ್ತೆ, ಅಷ್ಟೆ. ಬಡಗಿ ಡ್ರಿಲ್ ಹಾಕುವಾಗ ಹುಡುಗ ಮೂಲೆಮಟ್ಟ ಹಿಡಿದು ನಿಲ್ಲಲ್ವಾ, ಹಾಗೆ. ಸೂಜಿಯನ್ನು ತಾನೇ ತಳ್ಳಿ, ದಾರಿಯಲ್ಲಿ ತಿರುಗಿಸುವ ಮೆಷಿನ್ನನ್ನೂ ಇಸ್ರೇಲ್‌ನವರು ಮಾಡಿದ್ದಾರೆ. ನಾನು ಕಣ್ಣಲ್ಲಿ ನೋಡಿಲ್ಲ.

ಕುಂದವಾಡ ಕೆರೆ ವಾಕರ್

ಸರಳವಾಗಿ ಹೇಳ್ತೀನಿ. ರೋಬೋಟ್ ಅಂದರೆ ಬಿಲ್ಲು ಜಾಸ್ತಿ. ನನ್ನ ಮೊಣಕಾಲಿಗೂ ಇದೇ ಆಸೆ ತೋರಿಸಿದ್ದರು. ಬೋರ್ಡ್ ದೊಡ್ಡದು, ಲಿಫ್ಟ್ ಬಾಗಿಲ ಮೇಲೂ ರೋಬೋಟ್ ಚಿತ್ರ. ಜನರನ್ನು ಹೆದರಿಸಿ ಕರೆದುಕೊಳ್ಳುವ ದಂಧೆ. ಇಲ್ಲೇ ಮಾಡಿಸಪ್ಪ.

ಗಣಿತದ ಮೇಷ್ಟ್ರು, ನಿವೃತ್ತ

ವಾಕರ್ ಅವರೇ, ಬೋರ್ಡ್ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಮೆಷಿನ್ ಬಗ್ಗೆ ಅಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ, ಹತ್ತನೇ ಕ್ಲಾಸಿನದು.

ಗಂಟು ಚರ್ಮದಿಂದ 10 ಸೆಂಟಿಮೀಟರ್ ಒಳಗೆ ಇದೆ ಅಂತಿಟ್ಟುಕೊಳ್ಳಿ. ಸೂಜಿಯ ಕೋನ 2 ಡಿಗ್ರಿ ತಪ್ಪಿದರೆ ತುದಿ ಎಷ್ಟು ಪಕ್ಕಕ್ಕೆ ಹೋಗುತ್ತೆ? ಟ್ಯಾನ್ 2 ಡಿಗ್ರಿ ಅಂದರೆ 0.035. ಹತ್ತು ಸೆಂಟಿಮೀಟರಿಗೆ ಮೂರೂವರೆ ಮಿಲಿಮೀಟರ್. 5 ಡಿಗ್ರಿ ತಪ್ಪಿದರೆ ಸುಮಾರು 9 ಮಿಲಿಮೀಟರ್. ಹುಡುಗನ ಅಪ್ಪನ ಗಂಟು 14 ಮಿಲಿಮೀಟರ್, ಅಂದರೆ ನಡುವಿನಿಂದ ಅಂಚಿಗೆ 7. ಎರಡು ಡಿಗ್ರಿ ತಪ್ಪಿದರೂ ಗಂಟಿಗೆ ತಾಗುತ್ತೆ. ಐದು ತಪ್ಪಿದರೆ ಪಕ್ಕದಲ್ಲಿ ಹಾದು ಹೋಗುತ್ತೆ. ಐದು ಡಿಗ್ರಿ ಎಷ್ಟು ಗೊತ್ತಾ? ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಚಲಿಸುತ್ತೆ. ಅದಕ್ಕಿಂತ ಕಡಿಮೆ. ಬರೀ ಕಣ್ಣಿಗೆ ಗೊತ್ತೇ ಆಗಲ್ಲ.

ಅದಕ್ಕೇ ಅವರು ನಡುನಡುವೆ ಸ್ಕ್ಯಾನ್ ಮಾಡಿ ಸರಿಮಾಡಿಕೊಳ್ಳುವುದು. ಗಂಟು 4 ಸೆಂಟಿಮೀಟರ್ ಇದ್ದರೆ ಈ ಲೆಕ್ಕವೇ ಬೇಡ, ಯಾರು ಹಾಕಿದರೂ ತಾಗುತ್ತೆ. ಚಿಕ್ಕದಾದಷ್ಟೂ, ಆಳ ಹೆಚ್ಚಾದಷ್ಟೂ, ಕೋನ ಓರೆಯಾದಷ್ಟೂ ಹಿಡಿದು ನಿಲ್ಲುವ ತೋಳಿಗೆ ಬೆಲೆ.

ಸಿಟಿ ರೂಮ್, ಚಿತ್ರದುರ್ಗ

ಮೇಷ್ಟ್ರೇ, ಲೆಕ್ಕ ಸರಿ. ಆದರೆ ನಿಮ್ಮ ಗಂಟು ಕಪ್ಪುಹಲಗೆ ಮೇಲೆ ನಿಂತಿದೆ. ನಮ್ಮದು ನಿಲ್ಲಲ್ಲ. ಶ್ವಾಸಕೋಶದ ಕೆಳಭಾಗದ ಗಂಟು ಉಸಿರಾಡಿದ ಹಾಗೆಲ್ಲ ಒಂದು ಸೆಂಟಿಮೀಟರ್, ಕೆಲವರಲ್ಲಿ ಎರಡು ಸೆಂಟಿಮೀಟರ್ ಮೇಲೆ ಕೆಳಗೆ ಆಡುತ್ತೆ.

ಈ ರೋಬೋಟ್ ಕಥೆ ಹಳೇದು. 1985ರಲ್ಲೇ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಪ್ಯೂಮಾ 200 ಅನ್ನುವ ಕಾರ್ಖಾನೆ ರೋಬೋಟ್ ತೋಳನ್ನು ಸಿಟಿ ಜೊತೆ ಸೇರಿಸಿ ಮಿದುಳಿನ ಬಯಾಪ್ಸಿಗೆ ಬಳಸಿದರು. ಮಿದುಳೇ ಯಾಕೆ? ತಲೆಯನ್ನು ಚೌಕಟ್ಟಿನಲ್ಲಿ ಬಿಗಿದರೆ ಒಳಗಿನ ಗಂಟು ಅಲುಗಾಡಲ್ಲ. ಎದೆ ಹೊಟ್ಟೆಯನ್ನು ಹಾಗೆ ಬಿಗಿಯೋಕಾಗಲ್ಲ. ಇವತ್ತಿಗೂ ಕಷ್ಟ ಅದೇ. ತೋಳು ಸ್ಕ್ಯಾನ್ ತೆಗೆದ ಕ್ಷಣದ ಗಂಟಿಗೆ ಗುರಿ ಇಡುತ್ತೆ. ಸೂಜಿ ಹೋಗುವ ಕ್ಷಣದಲ್ಲೂ ಉಸಿರು ಅಷ್ಟೇ ಇರಬೇಕು. ಪೇಷಂಟ್ ಹೆದರಿ ದೊಡ್ಡ ಉಸಿರು ಎಳೆದರೆ ಕೋಟಿ ರೂಪಾಯಿ ಮೆಷಿನ್ನೂ ಖಾಲಿ ಜಾಗಕ್ಕೆ ಗುರಿ ಇಟ್ಟ ಹಾಗೆ. ಬೆಂಗಳೂರಿನಲ್ಲಿ ಹೀಗಾಗಿದ್ದನ್ನು ನಾನೇ ನೋಡಿದ್ದೇನೆ. ಕೊನೆಗೆ ತೋಳನ್ನು ಪಕ್ಕಕ್ಕೆ ತಳ್ಳಿ ಡಾಕ್ಟರು ಕೈಯಲ್ಲೇ ಮುಗಿಸಿದರು.

ರೇಡಿಯಾಲಜಿ ಪಿಜಿ

ನಾನು ರೇಡಿಯಾಲಜಿಯಲ್ಲಿ ಓದುತ್ತಿರುವ ಡಾಕ್ಟರ್. ಎಲ್ಲಿ ಅಂತ ಹೇಳಲ್ಲ. ನಿಮ್ಮ ತಂದೆಯ ಚಿತ್ರ ನೋಡದೆ ಇಲ್ಲೇ ಮಾಡಿಸಿ, ಅಲ್ಲೇ ಮಾಡಿಸಿ ಅನ್ನುವುದೂ ತಪ್ಪು. ಕೆಲವು ವಿಷಯ ಮಾತ್ರ.

ಅತ್ತೆಯವರ ಭಯಕ್ಕೆ ಮೊದಲು ಉತ್ತರ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿದು ಬೆಳೆಯುವುದು ಸುಳ್ಳಲ್ಲ, ಆದರೆ ಶ್ವಾಸಕೋಶದ ಬಯಾಪ್ಸಿಯಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರಿನಲ್ಲಿ ಸ್ವಲ್ಪ ಹೆಚ್ಚು, ನೂರಕ್ಕೆ 2-3ರ ಹತ್ತಿರ. ಅದಕ್ಕೇ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ, ಇರುವವರಲ್ಲಿ ಸ್ಕ್ಯಾನಿನಲ್ಲೇ ಸ್ಪಷ್ಟವಾಗಿ ಕಂಡರೆ ಸೂಜಿ ಹಾಕದೆಯೇ ತೀರ್ಮಾನ ಮಾಡುತ್ತೇವೆ. ಅತ್ತೆಯವರು ಪೂರ್ತಿ ತಪ್ಪಲ್ಲ, ಆದರೆ ಈ ಕೇಸಿಗೆ ಆ ಭಯ ಹೊಂದುವುದಿಲ್ಲ. ಯಾವ ಜಾತಿಯ ಗಂಟು ಅಂತ ತಿಳಿಯದೆ ಯಾವ ಔಷಧಿ ಕೊಡೋದು? ಟಿಬಿ ಮಾತ್ರೆಯ ಕಥೆ ನೋಡಿದಿರಲ್ಲ.

ನಿಜವಾಗಿ ಕೇಳಬೇಕಾದ ತೊಂದರೆ ಗಾಳಿ ಸೋರುವುದು. ಸೂಜಿ ಶ್ವಾಸಕೋಶದ ಪೊರೆ ದಾಟುತ್ತೆ. ನೂರರಲ್ಲಿ ಸುಮಾರು 20-25 ಜನರಿಗೆ ಸ್ವಲ್ಪವಾದರೂ ಗಾಳಿ ಹೊರಗೆ ಬರುತ್ತೆ. ಹೆಚ್ಚಿನವರಿಗೆ ತಾನೇ ಸರಿಹೋಗುತ್ತೆ. ಐದಾರು ಜನರಿಗೆ ಎದೆಗೆ ನಳಿಕೆ ಹಾಕಬೇಕಾಗುತ್ತೆ. ಬೀಡಿ ಸೇದಿದವರು, ಹೊಗೆ ಕುಡಿದ ಶ್ವಾಸಕೋಶ ಇರುವವರಿಗೆ ಸಾಧ್ಯತೆ ಹೆಚ್ಚು. ಪೊರೆಯನ್ನು ಎಷ್ಟು ಸಲ ಚುಚ್ಚುತ್ತೇವೆ ಅನ್ನುವುದೂ ಮುಖ್ಯ. ಅದಕ್ಕೆ ದಪ್ಪ ಸೂಜಿಯೊಂದನ್ನು ಒಮ್ಮೆ ಕೂರಿಸಿ, ಅದರೊಳಗಿಂದ ತೆಳು ಸೂಜಿ ಬಿಟ್ಟು ಮೂರ್ನಾಲ್ಕು ತುಣುಕು ತೆಗೆಯುತ್ತೇವೆ. ಒಳಗಿನದು 18 ಗೇಜ್, ಅಂದರೆ ಒಂದೂಕಾಲು ಮಿಲಿಮೀಟರ್ ದಪ್ಪ. ತುಣುಕು ನೋಡಲು ಮುರಿದ ಶಾವಿಗೆ ಎಳೆ ಇದ್ದ ಹಾಗೆ.

ರೋಬೋಟ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ. ಹೋಲಿಸಿ ನೋಡಿದ ಕಡೆಗಳಲ್ಲಿ ಸೂಜಿ ಸರಿಮಾಡಬೇಕಾದ ಸಲ ಕಡಿಮೆಯಾಗಿದೆ. ಓರೆ ಕೋನದಲ್ಲಿ ಇದು ಚೆನ್ನಾಗಿ ಕಾಣುತ್ತೆ. ಅದನ್ನು ತಂದು ನಿಲ್ಲಿಸಿ, ಹೊಂದಿಸುವ ಸಮಯ ಜಾಸ್ತಿ. ಕೈ ಪಳಗಿದ ಹಿರಿಯರಿಗೆ ಅದರಿಂದ ಸಿಗುವ ಲಾಭ ಕಡಿಮೆ, ನನ್ನಂಥ ಹೊಸಬರಿಗೆ ಜಾಸ್ತಿ. ಹೇಳೋಕೆ ನಾಚಿಕೆ, ಆದರೆ ನಿಜ.

ಅಪ್ಪ ರಕ್ತ ತೆಳು ಮಾಡುವ ಮಾತ್ರೆ ಏನಾದರೂ ತಗೋತಾರಾ? ಮೊದಲು ಅದನ್ನು ಹೇಳಿ.

ಭಟ್ಟಿ ಹುಡುಗ, ದಾವಣಗೆರೆ

ಹೌದು ಮೇಡಂ ಅಥವಾ ಸಾರ್. ಹೋದ ವರ್ಷ ಹೃದಯಕ್ಕೆ ತೋರಿಸಿದಾಗ ಕ್ಲೋಪಿಡೋಗ್ರೆಲ್ ಬರೆದುಕೊಟ್ಟಿದ್ದರು. ಸ್ಟೆಂಟ್ ಹಾಕಿಲ್ಲ. ಇದನ್ನು ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ!

ರೇಡಿಯಾಲಜಿ ಪಿಜಿ

ನಾಳೆ ಬೆಳಗ್ಗೆಯೇ ಹೋಗಿ ಹೇಳಿ. ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತೇವೆ. ಆದರೆ ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆ ಬರೆದ ಹೃದಯದ ಡಾಕ್ಟರನ್ನು ಒಂದು ಮಾತು ಕೇಳಲೇಬೇಕು. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯೂ ಮಾಡಿಸಿರಬೇಕು. ರೋಬೋಟ್ ಇದೆಯಾ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ.

ಮತ್ತೆ, ಮೇಡಂ.

ಚಳ್ಳಕೆರೆ ಶೇಂಗಾ

ನಮ್ಮ ಚಿಕ್ಕಪ್ಪನ ಅನುಭವ ಬೇರೆ. ಅವರದು ಲಿವರ್ ಗಡ್ಡೆ, ಎರಡೂವರೆ ಸೆಂಟಿಮೀಟರ್. ಆಪರೇಷನ್ ತಡೆಯುವ ಸ್ಥಿತಿ ಇರಲಿಲ್ಲ. ಬೆಂಗಳೂರಿನಲ್ಲಿ ಸೂಜಿ ಹಾಕಿ ಸುಟ್ಟರು. ಮೈಕ್ರೋವೇವ್ ಅಂತಾರೆ. ಅಡಿಗೆಮನೆ ಓವನ್ನಿನ ಹೆಸರೇ, ಕೆಲಸವೂ ಹೆಚ್ಚು ಕಡಿಮೆ ಅದೇ. ಸೂಜಿ ತುದಿಯ ಸುತ್ತ ಕಾವು 60 ಡಿಗ್ರಿ ದಾಟಿದರೆ ಜೀವಕೋಶ ಅಲ್ಲೇ ಸಾಯುತ್ತಂತೆ. ಗಡ್ಡೆ ಮೂರು ಸೆಂಟಿಮೀಟರ್ ಒಳಗಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತೆ ಅಂದರು.

ಅಲ್ಲಿ ರೋಬೋಟ್ ತೋಳು ಬಳಸಿದರು. ಚೆನ್ನೈನ ಪರ್ಫಿಂಟ್ ಕಂಪನಿಯದು, ಮ್ಯಾಕ್ಸಿಯೋ ಅಂತ. ನಮ್ಮ ಪಕ್ಕದ ರಾಜ್ಯದಲ್ಲೇ ತಯಾರಾಗಿದ್ದು ನೋಡಿ ಚಿಕ್ಕಪ್ಪನಿಗೆ ಖುಷಿ. ಫಾರಿನ್ ಮೆಷಿನ್ ಅಂದುಕೊಂಡಿದ್ದರು. ಡಾಕ್ಟರು ಪರದೆ ಮೇಲೆ ನಮಗೂ ತೋರಿಸಿದರು. ಗಡ್ಡೆ ಕೆಂಪು ಉಂಡೆ, ಅದರ ಸುತ್ತ ಹಸಿರು ಮೊಟ್ಟೆ. ಸುಡುವ ಜಾಗ ಗಡ್ಡೆಗಿಂತ ಎಲ್ಲ ಕಡೆ 5ರಿಂದ 10 ಮಿಲಿಮೀಟರ್ ಹೆಚ್ಚಿಗೆ ಇರಬೇಕಂತೆ. ಒಂದು ಮೂಲೆ ಉಳಿದರೂ ಅಲ್ಲಿಂದಲೇ ಮತ್ತೆ ಚಿಗುರುತ್ತೆ. ಹೊಲದಲ್ಲಿ ಗರಿಕೆ ಕಿತ್ತ ಹಾಗೆ, ಒಂದು ಗೆಣ್ಣು ಬಿಟ್ಟರೂ ಮುಗೀತು.

ನನಗೆ ಅನಿಸಿದ್ದು, ಬಯಾಪ್ಸಿಯಲ್ಲಿ ಗಂಟಿನ ಯಾವ ಭಾಗಕ್ಕೆ ತಾಗಿದರೂ ನಡೆಯುತ್ತೆ. ಸುಡುವಾಗ ಹಾಗಲ್ಲ, ಸೂಜಿ ಸರಿಯಾಗಿ ನಡುವೆ ಇರಬೇಕು. ಎರಡು ಮೂರು ಸೂಜಿ ಬೇಕಾದರೆ ಅವುಗಳ ನಡುವಿನ ಅಂತರವೂ ಸರಿ ಇರಬೇಕು. ರೋಬೋಟಿಗೆ ದುಡ್ಡು ಕೊಡುವುದಾದರೆ ನಾನು ಇಂಥದ್ದಕ್ಕೆ ಕೊಡುತ್ತೇನೆ.

ರೇಡಿಯಾಲಜಿ ಪಿಜಿ

ಶೇಂಗಾ ಅವರು ನನಗಿಂತ ಚೆನ್ನಾಗಿ ಹೇಳಿದರು. ಫ್ರಾನ್ಸಿನ ಎಪಿಯೋನ್ ಅನ್ನುವ ರೋಬೋಟನ್ನೂ ಮುಖ್ಯವಾಗಿ ಈ ಸುಡುವ ಕೆಲಸಕ್ಕೇ ಮಾಡಿದ್ದಾರೆ.

ಹಿರಿಯೂರು ಅಕ್ಕ

ನನ್ನದು ಸ್ವಲ್ಪ ವಿಷಯ ಬಿಟ್ಟು ಹೋಗುತ್ತೆ, ಆದರೂ ಹೇಳ್ತೀನಿ. ಅಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಗಿತ್ತು. ಹೊರಗಿನಿಂದ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟ ಮೇಲೆ ಒಳಗಿನಿಂದ ಕೊಡಬೇಕು ಅಂದರು. ಅಮ್ಮನ ಗಡ್ಡೆ ಪಕ್ಕಕ್ಕೆ ಹರಡಿತ್ತು. ಅದಕ್ಕೆ ತೂತು ತೂತು ಇರುವ ಒಂದು ಹಲಗೆ ಇಟ್ಟು, ಆ ತೂತುಗಳಲ್ಲಿ ಹತ್ತಾರು ಟೊಳ್ಳು ಸೂಜಿ ಕೂರಿಸಿದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಆ ಹೊತ್ತಿಗೆ ನೋವಿರಲಿಲ್ಲ.

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ಹೋದರು. ದಪ್ಪ ಬಾಗಿಲು. ಅಮ್ಮ ಒಬ್ಬರೇ ಒಳಗೆ. ಒಂದು ಪೆಟ್ಟಿಗೆಯಿಂದ ತಂತಿಯ ತುದಿಯಲ್ಲಿ ರೇಡಿಯೇಷನ್ ಸೂಸುವ ಇರಿಡಿಯಂ ಚೂರು ಹೊರಟು, ಒಂದು ಸೂಜಿಯಿಂದ ಇನ್ನೊಂದಕ್ಕೆ ಹೋಗಿ, ಲೆಕ್ಕದಷ್ಟು ಸೆಕೆಂಡು ನಿಂತು, ಪೆಟ್ಟಿಗೆಗೆ ವಾಪಸ್ ಬರುತ್ತೆ. ಯಾರೂ ಮುಟ್ಟುವುದಿಲ್ಲ. ನಾನು ಹೊರಗೆ ಟಿವಿ ಪರದೆಯಲ್ಲಿ ಅಮ್ಮನ ಪಾದ ನೋಡುತ್ತಾ ನಿಂತಿದ್ದೆ. ಹೆಬ್ಬೆರಳು ಅಲ್ಲಾಡಿಸಿದರೆ ಜೀವಕ್ಕೆ ಸಮಾಧಾನ. ಅದನ್ನು ಯಾರೂ ರೋಬೋಟ್ ಅನ್ನಲಿಲ್ಲ, ಬೋರ್ಡೂ ಹಾಕಿರಲಿಲ್ಲ. ಕಾರ್ಡಿನಲ್ಲೇ ಆಯಿತು.

ಕಾರ್ಡ್ ಅಂದಾಗ ನೆನಪಾಯಿತು. ತಮ್ಮಾ, ನಿಮ್ಮದು ಬಿಪಿಎಲ್ ಆದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲೇ ಆರೋಗ್ಯಮಿತ್ರರ ಕೌಂಟರ್‌ನಲ್ಲಿ ಕೂತು ಯಾವುದು ಬರುತ್ತೆ, ಯಾವುದು ಬರಲ್ಲ ಅಂತ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರ ಹೋಗಿ ಆಮೇಲೆ ಒದ್ದಾಡಬೇಡಿ. ನಾವು ಒದ್ದಾಡಿದ್ದೇವೆ.

ಕುಂದವಾಡ ಕೆರೆ ವಾಕರ್

ಅಕ್ಕಾ, ನಿಮ್ಮ ಅಮ್ಮ ಈಗ ಹೇಗಿದ್ದಾರೆ?

ಹಿರಿಯೂರು ಅಕ್ಕ

ನಾಲ್ಕು ವರ್ಷ ಆಯ್ತು ಅಣ್ಣ. ನಿನ್ನೆ ಸೊಸೆ ಜೊತೆ ಜಗಳ ಆಡಿದರು. ಚೆನ್ನಾಗಿದ್ದಾರೆ.

ಭಟ್ಟಿ ಹುಡುಗ, ದಾವಣಗೆರೆ

ಇವತ್ತು ಹೋಗಿ ಬಂದೆ. ಮಾತ್ರೆ ವಿಷಯ ಹೇಳಿದೆ. ಹೃದಯದ ಡಾಕ್ಟರು ನಿಲ್ಲಿಸಬಹುದು ಅಂತ ಚೀಟಿ ಬರೆದುಕೊಟ್ಟರು. ಐದು ದಿನ ಬಿಟ್ಟು ಗುರುವಾರ ಬಯಾಪ್ಸಿ, ಇಲ್ಲೇ. ಮಾಡುವವರ ಹತ್ತಿರ ಧೈರ್ಯ ಮಾಡಿ, "ಸಾರ್, ಇಂಥದ್ದು ಎಷ್ಟು ಮಾಡಿದ್ದೀರಾ, ಗಾಳಿ ಸೋರಿದರೆ ನಳಿಕೆ ಹಾಕುವವರು ಆ ಹೊತ್ತಿಗೆ ಇರ್ತಾರಾ?" ಅಂತ ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಕೂರಿಸಿಕೊಂಡು ಸಿಟಿ ತೋರಿಸಿದರು. ಗಂಟು ಬೆನ್ನಿನ ಚರ್ಮದಿಂದ 6 ಸೆಂಟಿಮೀಟರ್ ಅಷ್ಟೇ, ದಾರಿ ನೇರ ಇದೆ, ಪಕ್ಕೆಲುಬು ಅಡ್ಡ ಇಲ್ಲ. "ಇದೇ ಗಂಟು ಮೇಲ್ಗಡೆ, ಹೃದಯದ ಪಕ್ಕ ಇದ್ದಿದ್ದರೆ ನಾನೇ ನಿಮ್ಮನ್ನು ಬೆಂಗಳೂರಿಗೆ ಕಳಿಸ್ತಿದ್ದೆ" ಅಂದರು. ಆ ಒಂದು ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು.

ಭಾವನಿಗೆ ಹೇಳಿದೆ. ಬೇಜಾರಾಗಿದ್ದಾರೆ.

ಸಿಟಿ ರೂಮ್, ಚಿತ್ರದುರ್ಗ

ಒಳ್ಳೇದಾಯ್ತು. ಈಗ ಮನೆಯಲ್ಲಿ ಒಂದು ಅಭ್ಯಾಸ ಮಾಡಿಸಿ. ಅಪ್ಪನನ್ನು ಬೋರಲು ಮಲಗಿಸಿ. ದೊಡ್ಡ ಉಸಿರು ಬೇಡ. ಮಾಮೂಲಿ ಉಸಿರು ಎಳೆದು, ಬಿಟ್ಟು, ಅಲ್ಲೇ ಹತ್ತು ಹನ್ನೆರಡು ಸೆಕೆಂಡು ನಿಲ್ಲಿಸಬೇಕು. ದೊಡ್ಡ ಉಸಿರು ಯಾಕೆ ಬೇಡ ಅಂದರೆ, ಅದು ಪ್ರತಿ ಸಲ ಬೇರೆ ಬೇರೆ ಅಳತೆ. ಸಣ್ಣ ಉಸಿರು ಪ್ರತಿ ಸಲ ಹೆಚ್ಚು ಕಡಿಮೆ ಒಂದೇ. ಅಲ್ಲಿ ಮಾಡುವವರು ಬೇರೆ ರೀತಿ ಹೇಳಿದರೆ ಅವರು ಹೇಳಿದ ಹಾಗೇ ಮಾಡಲಿ. ಕೆಮ್ಮು ಬರುವ ಹಾಗಿದ್ದರೆ ಬಾಯಿಬಿಟ್ಟು ಹೇಳಬಾರದು, ಬೆರಳು ಎತ್ತಬೇಕು.

ಭಟ್ಟಿ ಹುಡುಗ, ದಾವಣಗೆರೆ

ರಾತ್ರಿ ಊಟ ಆದ ಮೇಲೆ ಚಾಪೆ ಹಾಸಿ ಮಾಡಿಸಿದೆ. ನಾನು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಾ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಮೊದಲ ಸಲ ನಾಲ್ಕಕ್ಕೇ ಕೆಮ್ಮಿದರು. ಎರಡನೇ ಸಲ ಏಳು. ಆಮೇಲೆ ಅಪ್ಪನೇ, "ಭಟ್ಟಿಯಲ್ಲಿ ಹೊಗೆ ಎದ್ದಾಗ ಹೀಗೇ ತಡೀತಿದ್ವಿ, ಈಗ ಎಣಿಸು" ಅಂದರು. ಹದಿನಾಲ್ಕು. ಎರಡು ತಿಂಗಳಲ್ಲಿ ಅವರು ಈ ಕಾಯಿಲೆ ಬಗ್ಗೆ ಆಡಿದ ಮೊದಲ ಮಾತು ಅದು.

ಗಣಿತದ ಮೇಷ್ಟ್ರು, ನಿವೃತ್ತ

6 ಸೆಂಟಿಮೀಟರ್ ಆಳಕ್ಕೆ 5 ಡಿಗ್ರಿ ತಪ್ಪಿದರೂ ಐದು ಮಿಲಿಮೀಟರ್ ಚಿಲ್ಲರೆ ಅಷ್ಟೇ. ಗಂಟಿನೊಳಗೇ ಬರುತ್ತೆ. ಪಾಸ್.

ಭಟ್ಟಿ ಹುಡುಗ, ದಾವಣಗೆರೆ

ಗುರುವಾರ ಆಯಿತು. ಮೂರು ಸಲ ಬಾಗಿಲು ತೆಗೆದು ಹಾಕಿದರು, ನಾನು ಹೊರಗೆ ಎಣಿಸಿದೆ. ನಾಲ್ಕು ತುಣುಕು ತೆಗೆದಿದ್ದಾರೆ. ಫಾರ್ಮಲಿನ್ ಬಾಟಲಿಯಲ್ಲಿ ನೋಡಿದೆ, ಪಿಜಿ ಮೇಡಂ ಹೇಳಿದ ಹಾಗೇ ಶಾವಿಗೆ. ಆಮೇಲೆ ಚುಚ್ಚಿದ ಕಡೆ ಕೆಳಗಾಗುವ ಹಾಗೆ ಮಲಗಿಸಿ, ಮಾತಾಡಬೇಡಿ ಅಂದರು. ಎಕ್ಸ್‌ರೇಯಲ್ಲಿ ಸ್ವಲ್ಪ ಗಾಳಿ ಕಾಣಿಸಿತು. ಒಂದು ರಾತ್ರಿ ಇಟ್ಟುಕೊಂಡರು, ಬೆಳಗ್ಗೆ ಮತ್ತೆ ಎಕ್ಸ್‌ರೇ, ಜಾಸ್ತಿ ಆಗಿಲ್ಲ. ಕಫದಲ್ಲಿ ಎರಡು ಸಲ ರಕ್ತದ ಎಳೆ ಬಂತು, ನಿಂತಿತು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ರಾತ್ರಿ ಆದರೂ ಬನ್ನಿ ಅಂತ ಹೇಳಿ ಕಳಿಸಿದ್ದಾರೆ.

ಭಟ್ಟಿ ಹುಡುಗ, ದಾವಣಗೆರೆ

ಒಂಬತ್ತು ದಿನಕ್ಕೆ ರಿಪೋರ್ಟ್ ಬಂತು. ಅಡಿನೋಕಾರ್ಸಿನೋಮಾ. ಕ್ಯಾನ್ಸರ್ರೇ. ಬೇರೆ ಕಡೆ ಹರಡಿದಂತೆ ಸಿಟಿಯಲ್ಲಿ ಕಂಡಿಲ್ಲ, ಪೆಟ್ ಸ್ಕ್ಯಾನ್ ಮಾಡಿಸಬೇಕು. ಯಾವ ಔಷಧಿ ಹೊಂದುತ್ತೆ ಅಂತ ನೋಡುವ ಇಜಿಎಫ್ಆರ್ ಅನ್ನುವ ಜೀನ್ ಪರೀಕ್ಷೆಗೂ ತುಣುಕು ಸಾಕಾಗುತ್ತೆ ಅಂದಿದ್ದಾರೆ. ಸೋಮವಾರ ರಾತ್ರಿ ರೈಲಿಗೆ ಬೆಂಗಳೂರು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ. ಭಾವ ಸ್ಟೇಷನ್‌ಗೆ ಬರುತ್ತಾರೆ. ಏನೇನು ತಗೊಂಡು ಹೋಗಬೇಕು?

ರೇಡಿಯಾಲಜಿ ಪಿಜಿ

ಕೇಳಿ ಬೇಸರವಾಯಿತು. ಸಣ್ಣದಿರುವಾಗಲೇ ಗೊತ್ತಾಗಿದೆ, ತಡ ಮಾಡಬೇಡಿ. ಸಿಟಿಯ ಸಿಡಿ ಬೇಕು, ಬರೀ ಫಿಲ್ಮ್ ಸಾಲದು. ಪೆಥಾಲಜಿಯಿಂದ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಬರೆದುಕೊಟ್ಟು ಇಸ್ಕೊಳ್ಳಿ. ಅಲ್ಲಿ ಮತ್ತೆ ನೋಡುತ್ತಾರೆ. ಬ್ಲಾಕ್ ಇದ್ದರೆ ಇನ್ನೊಂದು ಸಲ ಸೂಜಿ ಹಾಕುವ ಕೆಲಸ ತಪ್ಪಬಹುದು. ಹಳೇ ಟಿಬಿ ಚೀಟಿಗಳನ್ನೂ ಎಸೆಯಬೇಡಿ.

ಭಟ್ಟಿ ಹುಡುಗ, ದಾವಣಗೆರೆ

ಬ್ಲಾಕ್ ಅಂದರೆ ಪ್ಲಾಸ್ಟಿಕ್ ಚೌಕದಲ್ಲಿ ಮೇಣದ ತುಂಡು ಇದೆಯಲ್ಲ, ಅದೇ ಅಲ್ವಾ? ಇವತ್ತು ಕೊಟ್ಟರು. ಅಪ್ಪ ಅದನ್ನು ಬಿಸ್ಕತ್ ಡಬ್ಬಿಯಲ್ಲಿ ಹಾಕಿ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ, ಆಗಲೇ ಬ್ಯಾಗಿನಲ್ಲಿ ಇಟ್ಟಿದ್ದಾರೆ.

ಸಿಟಿ ರೂಮ್, ಚಿತ್ರದುರ್ಗ

ಅದೇ. ಬ್ಯಾಗನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ಮೇಣ ಕರಗುತ್ತೆ.